ಬೆರಳಚ್ಚು: ತೆಗೆಯುವ ಬಗೆ, ಹೋಲಿಸುವ ಬಗೆ, ಎಡವುವ ಜಾಗಗಳು

ಕಳ್ಳತನದ ಸುದ್ದಿ ಯಾವ ಪತ್ರಿಕೆಯಲ್ಲೇ ಬರಲಿ, ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ಬೆರಳಚ್ಚು ತಜ್ಞರು, ಶ್ವಾನದಳ ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು. ಆ ತಜ್ಞರು ಬಂದು ಮಾಡುವುದೇನು, ಸಿಕ್ಕ ಗುರುತಿನಿಂದ ಒಬ್ಬ ಮನುಷ್ಯನನ್ನು ಹೇಗೆ ತಲುಪುತ್ತಾರೆ, ನ್ಯಾಯಬೆಲೆ ಅಂಗಡಿಯಲ್ಲಿ ‘ಥಂಬ್ ಕೊಡಿ’ ಅಂದಾಗ ಕೆಲವರ ಬೆರಳು ಯಾಕೆ ಹೊಂದುವುದಿಲ್ಲ ಎಂಬುದನ್ನು ಕೆಲಸ ನಡೆಯುವ ಕ್ರಮದಲ್ಲೇ ಇಲ್ಲಿ ವಿವರಿಸಿದ್ದೇವೆ. ವಿಧಿವಿಜ್ಞಾನ ಓದುವವರಿಗೂ, ಠಾಣೆಯಲ್ಲಿ ಹೊಸದಾಗಿ ಈ ಕೆಲಸ ಹಿಡಿದವರಿಗೂ, ಮನೆಯಲ್ಲಿ ಕೂತು ತಮ್ಮ ಬೆರಳನ್ನೇ ನೋಡಿಕೊಳ್ಳಬೇಕೆನ್ನುವವರಿಗೂ ಇದು ಉಪಯೋಗಕ್ಕೆ ಬರಬೇಕು.

ಮೊದಲೇ ಒಂದು ಮಾತು. ಬೆರಳ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡಿ, ಬದುಕಿನುದ್ದಕ್ಕೂ ಹಾಗೇ ಉಳಿಯುತ್ತದೆ. ಅವಳಿ ಮಕ್ಕಳಲ್ಲೂ ಒಬ್ಬರದು ಇನ್ನೊಬ್ಬರಂತಿರುವುದಿಲ್ಲ. ಆದರೆ ನಾವು ಹೋಲಿಸುವುದು ಬೆರಳನ್ನಲ್ಲ, ಬೆರಳು ಬಿಟ್ಟ ಅಚ್ಚನ್ನು. ಅಚ್ಚು ಜಾರುತ್ತದೆ, ಕಲೆಸುತ್ತದೆ, ಅರ್ಧ ಮಾತ್ರ ಮೂಡುತ್ತದೆ. ಈ ವಿದ್ಯೆಯಲ್ಲಿ ಆಗುವ ತಪ್ಪುಗಳೆಲ್ಲ ಇಲ್ಲೇ ಹುಟ್ಟುವುದು.

ನಿಮ್ಮ ಬೆರಳಿಂದಲೇ ಶುರು ಮಾಡಿ

ಒಂದು 2ಬಿ ಪೆನ್ಸಿಲ್, ಸೆಲ್ಲೋಟೇಪ್, ಬಿಳಿ ಹಾಳೆ, ಒಂದು ಭೂತಗನ್ನಡಿ ಸಾಕು. ಹಾಳೆಯ ಮೂಲೆಯಲ್ಲಿ ಎರಡು ಸೆಂಟಿಮೀಟರ್ ಚೌಕದಷ್ಟು ಜಾಗವನ್ನು ಪೆನ್ಸಿಲ್‌ನಿಂದ ಗಾಢವಾಗಿ ತೀಡಿ. ತೋರುಬೆರಳ ತುದಿಯನ್ನು ಅದರ ಮೇಲೆ ಎಡದಿಂದ ಬಲಕ್ಕೆ ಹೊರಳಿಸಿ ಬೂದುಬಣ್ಣ ಹತ್ತಿಸಿಕೊಳ್ಳಿ. ಟೇಪಿನ ತುಂಡನ್ನು ಬೆರಳಿಗೆ ಅಂಟಿಸಿ, ಮೆಲ್ಲಗೆ ಒತ್ತಿ, ಒಂದೇ ಎಳೆತಕ್ಕೆ ಬಿಡಿಸಿ ಬಿಳಿ ಹಾಳೆಗೆ ಅಂಟಿಸಿ. ಗೆರೆಗಳು ಎಷ್ಟು ಸ್ಪಷ್ಟವಾಗಿ ಕಾಣುತ್ತವೆಂದರೆ ಬೆವರಿನ ರಂಧ್ರಗಳೂ ಬಿಳಿ ಚುಕ್ಕೆಗಳಾಗಿ ತೋರಬಹುದು.

ಹೀಗೆ ತೆಗೆದ ಅಚ್ಚು ಶಾಯಿಯಲ್ಲಿ ಒತ್ತಿದ ಅಚ್ಚಿಗೆ ಕನ್ನಡಿಬಿಂಬ. ಇದನ್ನು ಮರೆಯಬೇಡಿ. ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದಾಗ ಎಡಬಲ ಒಮ್ಮೆ ಮಗುಚುತ್ತದೆ. ಬೆರಳಿಗೇ ಟೇಪು ಹಚ್ಚಿ ತೆಗೆದು, ಅದನ್ನು ಹಾಳೆಗೆ ಅಂಟಿಸಿ ಬೆನ್ನಿನ ಕಡೆಯಿಂದ ನೋಡುವಾಗ ಮತ್ತೊಮ್ಮೆ ಮಗುಚುತ್ತದೆ. ಗಾಜಿನ ಲೋಟದ ಮೇಲಿನ ಗುರುತನ್ನು ಪುಡಿ ಹಾಕಿ ಟೇಪಿನಿಂದ ಎತ್ತಿದರೆ ಮಾತ್ರ ಅದು ಶಾಯಿಯ ಅಚ್ಚಿನ ದಿಕ್ಕಿನಲ್ಲೇ ಇರುತ್ತದೆ. ಕಾಲೇಜಿನ ಪ್ರಯೋಗಗಳಲ್ಲಿ ‘ಒಂದೇ ಬೆರಳು, ಆದರೂ ಹೊಂದುತ್ತಿಲ್ಲ’ ಎಂದು ಗೊಂದಲಕ್ಕೆ ಬೀಳುವುದಕ್ಕೆ ಮುಖ್ಯ ಕಾರಣ ಇದೇ. ಪೆನ್ಸಿಲ್ ಅಚ್ಚನ್ನು ಹಾಳೆಯ ಬದಲು ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅಂಟಿಸಿ ತಿರುಗಿಸಿ ನೋಡಿದರೆ ಸಮಸ್ಯೆ ತೀರಿತು.

ಈಗ ಆಕಾರ ನೋಡಿ. ಚಿಕ್ಕಂದಿನಲ್ಲಿ ಬೆರಳ ತುದಿಯಲ್ಲಿ ಎಷ್ಟು ಶಂಖ, ಎಷ್ಟು ಚಕ್ರ ಎಂದು ಎಣಿಸಿದ ನೆನಪು ಬಹಳ ಜನರಿಗಿರುತ್ತದೆ. ಅದರ ಭವಿಷ್ಯದ ಮಾತು ಬೇರೆ, ವಿಂಗಡಣೆ ಮಾತ್ರ ಸರಿಯಾಗಿಯೇ ಇದೆ. ಗೆರೆಗಳು ಒಂದು ಬದಿಯಿಂದ ಒಳಗೆ ಬಂದು ಬಳಸಿ ಅದೇ ಬದಿಗೆ ಮರಳಿದರೆ ಕುಣಿಕೆ, ಅಂದರೆ ಶಂಖ. ನಡುವನ್ನು ಸುತ್ತುವರಿದರೆ ಸುರುಳಿ, ಅಂದರೆ ಚಕ್ರ. ಒಂದು ಬದಿಯಿಂದ ಬಂದು ನಡುವೆ ಉಬ್ಬಿ ಇನ್ನೊಂದು ಬದಿಗೆ ಹೋದರೆ ಕಮಾನು. ಜನರಲ್ಲಿ ಸುಮಾರು ಶೇ. 60ರಿಂದ 65 ಕುಣಿಕೆ, ಶೇ. 30ರ ಆಸುಪಾಸು ಸುರುಳಿ, ಶೇ. 5ರಷ್ಟು ಕಮಾನು.

ಕಣ್ಣಂದಾಜು ಮೋಸ ಮಾಡುತ್ತದೆ, ಡೆಲ್ಟಾ ಮಾಡುವುದಿಲ್ಲ. ಮೂರು ದಿಕ್ಕಿನ ಗೆರೆಗಳು ಸೇರುವ ಮುಕ್ಕೋನದ ಜಾಗವೇ ಡೆಲ್ಟಾ. ಕುಣಿಕೆಗೆ ಒಂದು ಡೆಲ್ಟಾ, ಸುರುಳಿಗೆ ಸಾಮಾನ್ಯವಾಗಿ ಎರಡು, ಸಾದಾ ಕಮಾನಿಗೆ ಇಲ್ಲವೇ ಇಲ್ಲ. ಡೆಲ್ಟಾ ಇರುವುದು ಬೆರಳ ಅಂಚಿಗೆ ಹತ್ತಿರ. ಹಾಗಾಗಿ ಬೆರಳನ್ನು ಪೂರ್ತಿ ಹೊರಳಿಸದಿದ್ದರೆ ಒಂದು ಡೆಲ್ಟಾ ಕಾಗದಕ್ಕೇ ಬರುವುದಿಲ್ಲ, ಸುರುಳಿ ಕುಣಿಕೆಯಂತೆ ತೋರುತ್ತದೆ.

ಹತ್ತು ಬೆರಳ ಚೀಟಿ

ಈಗ ಹೆಚ್ಚಿನ ಕಡೆ ಗಾಜಿನ ಮೇಲೆ ಬೆರಳಿಟ್ಟು ಯಂತ್ರದಲ್ಲಿ ತೆಗೆಯುವ ಲೈವ್ ಸ್ಕ್ಯಾನರ್ ಬಂದಿದೆ. ಆದರೂ ಶಾಯಿಯಲ್ಲಿ ನೆಟ್ಟಗೆ ತೆಗೆಯಲು ಬರುವವರ ಕೈಯಲ್ಲೇ ಸ್ಕ್ಯಾನರ್ ಕೂಡ ಒಳ್ಳೆಯ ಅಚ್ಚು ಕೊಡುವುದು. ಬೇಕಾದ್ದು ಮುದ್ರಣಕ್ಕೆ ಬಳಸುವ ಕಪ್ಪು ಶಾಯಿ, ಗಾಜಿನ ಅಥವಾ ಲೋಹದ ಹಲಗೆ, ರಬ್ಬರ್ ರೋಲರ್, ಸ್ಪಿರಿಟ್, ಹತ್ತಿಬಟ್ಟೆ, ಟೆನ್ ಡಿಜಿಟ್ ಸ್ಲಿಪ್, ಅಂದರೆ ಪ್ರತಿ ಬೆರಳಿಗೂ ಒಂದು ಮನೆ ಇರುವ ಚೀಟಿ. ಸ್ಟ್ಯಾಂಪ್ ಪ್ಯಾಡಿನ ನೇರಳೆ ಶಾಯಿ ಬೇಡ. ಅದು ನೀರಾಗಿ ಕಾಗದದಲ್ಲಿ ಹರಡಿ ಎರಡು ಗೆರೆಗಳ ನಡುವಿನ ಸಂದನ್ನು ತುಂಬಿಬಿಡುತ್ತದೆ.

ಶಾಯಿ ಕಡಿಮೆಯೇ ಇರಲಿ. ಹಲಗೆಯ ಮೇಲೆ ನಾಲ್ಕೈದು ಕಡೆ ಸಾಸಿವೆಕಾಳಿನಷ್ಟು ಇಟ್ಟು, ಉದ್ದಕ್ಕೂ ಅಡ್ಡಕ್ಕೂ ರೋಲರ್ ಎಳೆಯುತ್ತ ತೆಳುಪದರ ಮಾಡಿ. ಎಲ್ಲೂ ಗಂಟು, ಮಿರುಗು ಇರಬಾರದು. ಅಚ್ಚು ಕೊಡುವವರ ಮೊಣಕೈ ಎತ್ತರಕ್ಕೆ ಹಲಗೆ ಇದ್ದರೆ ಮಣಿಕಟ್ಟು ಸಲೀಸಾಗಿ ತಿರುಗುತ್ತದೆ.

ಅವರ ಕೈಯನ್ನು ಸಾಬೂನು ಹಚ್ಚಿ ತೊಳೆಸಿ, ಒರೆಸಿ. ಬೆವರುವ ಕೈಯಾದರೆ ಪ್ರತಿ ಬೆರಳನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಆರಿದ ತಕ್ಷಣ ಶಾಯಿ ಹಚ್ಚಿ. ಮುಂದಿನ ಬೆರಳಿಗೆ ಆಮೇಲೆ. ಎಲ್ಲ ಬೆರಳನ್ನೂ ಒಟ್ಟಿಗೆ ಒರೆಸಿಟ್ಟರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮತ್ತೆ ಬೆವರು ಮೂಡಿರುತ್ತದೆ.

ಬೆರಳನ್ನು ಹಲಗೆಯ ಮೇಲೆ ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ತುದಿಯಿಂದ ಮೊದಲ ಗೆಣ್ಣಿನ ಕೆಳಗಿನವರೆಗೆ ಶಾಯಿ ಹತ್ತುವಂತೆ ಹೊರಳಿಸಿ. ಚೀಟಿಯ ಮೇಲೂ ಹಾಗೆಯೇ. ಹೊರಳಿಸುವ ದಿಕ್ಕಿಗೆ ನಿಯಮವಿದೆ: ಹೆಬ್ಬೆರಳು ಅವರ ಮೈಕಡೆಗೆ, ಉಳಿದವು ಮೈಯಿಂದ ಆಚೆಗೆ. ಹೀಗೆ ಮಾಡಿದರೆ ಕೈ ಬಿಗಿದ ಸ್ಥಿತಿಯಿಂದ ಸಡಿಲ ಸ್ಥಿತಿಗೆ ತಿರುಗುತ್ತದೆ, ಕೊನೆಯಲ್ಲಿ ಜಾರುವುದಿಲ್ಲ. ಒಂದೇ ಸಲ, ಒಂದೇ ದಿಕ್ಕು. ‘ಸರಿಯಾಗಿ ಬಂತೋ ಇಲ್ಲವೋ’ ಎಂದು ವಾಪಸ್ ಹೊರಳಿಸಿದರೆ ಗೆರೆಯ ಮೇಲೆ ಗೆರೆ ಬಿದ್ದು ಅಚ್ಚು ಕೆಟ್ಟಿತು. ಒತ್ತುವ ಕೆಲಸ ನಿಮ್ಮದು, ಅವರದಲ್ಲ. ಸಹಾಯ ಮಾಡಲು ಹೋಗಿ ಅವರೇ ಅದುಮುತ್ತಾರೆ. ಬೇರೆ ಕಡೆ ನೋಡಿ ಎಂದರೆ ಕೈ ತಾನಾಗಿ ಸಡಿಲವಾಗುತ್ತದೆ.

ಹತ್ತೂ ಆದ ಮೇಲೆ ನಾಲ್ಕು ಬೆರಳನ್ನು ಒಟ್ಟಾಗಿ, ಹೆಬ್ಬೆರಳನ್ನು ಬೇರೆಯಾಗಿ, ಹೊರಳಿಸದೆ ಒತ್ತಿಸಬೇಕು. ಹೊಸಬರು ಇದನ್ನು ಶಾಸ್ತ್ರಕ್ಕೆಂದು ಮಾಡಿ ಮುಗಿಸುತ್ತಾರೆ. ನಿಜಕ್ಕೂ ಇದೇ ಚೀಟಿಯ ಕಾವಲು. ಮೇಲಿನ ಮನೆಗಳಲ್ಲಿ ಉಂಗುರಬೆರಳಿನ ಜಾಗಕ್ಕೆ ನಡುಬೆರಳು ಬಂದಿದ್ದರೆ, ಎಡಗೈ ಬಲಗೈ ಅದಲುಬದಲಾಗಿದ್ದರೆ, ಒಟ್ಟಾಗಿ ಒತ್ತಿದ ಅಚ್ಚು ಅದನ್ನು ತೋರಿಸಿಕೊಡುತ್ತದೆ. ಬೆರಳಿಲ್ಲದಿದ್ದರೆ ಮನೆಯನ್ನು ಖಾಲಿ ಬಿಡದೆ ಬೆರಳಿಲ್ಲವೆಂದು ಬರೆಯಿರಿ. ಗಾಯವಾಗಿದ್ದರೆ ಗಾಯವೆಂದು ಬರೆಯಿರಿ.

ಅಚ್ಚು ನೋಡಿಯೇ ತಪ್ಪು ಗುರುತಿಸಬಹುದು. ಕಪ್ಪಗೆ ಮೆತ್ತಿಕೊಂಡಿದ್ದರೆ ಶಾಯಿ ಅಥವಾ ಒತ್ತಡ ಜಾಸ್ತಿ. ಮಸುಕು ಬೂದುಬಣ್ಣವಿದ್ದರೆ ಶಾಯಿ ಕಡಿಮೆ, ಇಲ್ಲವೇ ಬೆರಳು ತೇವ. ನಡುವೆ ಬಿಳಿ ಮಚ್ಚೆಗಳಿದ್ದರೆ ಹಲಗೆಯಲ್ಲಿ ಧೂಳು, ಬಟ್ಟೆಯ ನೂಲು. ಬದಿಯಲ್ಲಿ ಗೆರೆಗಳು ಉಜ್ಜಿದಂತಿದ್ದರೆ ಹೊರಳಿಸುವಾಗ ಬೆರಳು ಜಾರಿದೆ.

ಸಾವಿರದ ಇಪ್ಪತ್ತನಾಲ್ಕು ಗೂಡು

ಕಂಪ್ಯೂಟರಿಲ್ಲದ ಕಾಲದಲ್ಲಿ ಲಕ್ಷಾಂತರ ಚೀಟಿಗಳ ನಡುವೆ ಒಂದನ್ನು ಹುಡುಕುತ್ತಿದ್ದ ಲೆಕ್ಕ ಹುಟ್ಟಿದ್ದು ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ ರಸ್ತೆ ಸಾಮಗ್ರಿಯ ಕರಾರುಪತ್ರದ ಮೇಲೆ ಗುತ್ತಿಗೆದಾರ ರಾಜ್ಯಧರ ಕೋನಾಯ್ ಅವರ ಅಂಗೈಯನ್ನೇ ಒತ್ತಿಸಿಕೊಂಡಿದ್ದರು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಯಿತು. ಪದ್ಧತಿಗೆ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಅದರ ಗಣಿತ ಕಟ್ಟಿದವರು ಅಜೀಜುಲ್ ಹಕ್, ಅವರ ಜೊತೆ ದುಡಿದವರು ಹೇಮಚಂದ್ರ ಬೋಸ್. ಈ ಇಬ್ಬರು ಸಬ್‌ಇನ್‌ಸ್ಪೆಕ್ಟರುಗಳ ಹೆಸರನ್ನು ಹೆನ್ರಿಯ ಹೆಸರಿನ ಜೊತೆಗೇ ಹೇಳುವುದು ನ್ಯಾಯ.

ಲೆಕ್ಕ ಹೀಗಿದೆ. ಬಲಗೈ ಹೆಬ್ಬೆರಳು 1, ಬಲ ಕಿರುಬೆರಳು 5, ಎಡ ಹೆಬ್ಬೆರಳು 6, ಎಡ ಕಿರುಬೆರಳು 10. ಸುರುಳಿ ಇರುವ ಬೆರಳಿಗೆ ಮಾತ್ರ ಅಂಕ: 1 ಮತ್ತು 2ನೇ ಬೆರಳಿಗೆ 16, 3 ಮತ್ತು 4ಕ್ಕೆ 8, 5 ಮತ್ತು 6ಕ್ಕೆ 4, 7 ಮತ್ತು 8ಕ್ಕೆ 2, 9 ಮತ್ತು 10ಕ್ಕೆ 1. ಸಮಸಂಖ್ಯೆಯ ಬೆರಳುಗಳ ಅಂಕ ಕೂಡಿಸಿ ಒಂದು ಸೇರಿಸಿದರೆ ಮೇಲಿನ ಸಂಖ್ಯೆ. ಬೆಸಸಂಖ್ಯೆಯವನ್ನು ಕೂಡಿಸಿ ಒಂದು ಸೇರಿಸಿದರೆ ಕೆಳಗಿನದು. ಒಬ್ಬರಿಗೆ ಬಲ ಹೆಬ್ಬೆರಳು, ಬಲ ಉಂಗುರಬೆರಳು, ಎಡ ತೋರುಬೆರಳು ಈ ಮೂರರಲ್ಲಿ ಸುರುಳಿ ಇದೆ ಎನ್ನಿ. ಮೇಲೆ 8+1, ಅಂದರೆ 9. ಕೆಳಗೆ 16+2+1, ಅಂದರೆ 19. ಅವರ ಚೀಟಿ 9/19ರ ಗೂಡಿಗೆ ಹೋಗುತ್ತದೆ. ಸುರುಳಿಯೇ ಇಲ್ಲದವರದು 1/1, ಹತ್ತೂ ಸುರುಳಿ ಇದ್ದರೆ 32/32. ಒಟ್ಟು 32×32, ಅಂದರೆ 1024 ಗೂಡು. ಒಂದು ಡೆಲ್ಟಾ ಕಾಗದಕ್ಕೆ ಬರದೆ ಹೋದರೆ ಚೀಟಿ ಬೇರೆಯದೇ ಗೂಡು ಸೇರುತ್ತಿತ್ತು. ಆಮೇಲೆ ಅದನ್ನು ಹುಡುಕುವುದು ದೇವರಿಗೇ ಪ್ರೀತಿ.

ಈಗ ಈ ಹುಡುಕಾಟ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ನಡೆಸುವ ನಾಫಿಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆಗುತ್ತದೆ. ದಸ್ತಗಿರಿಯಾದವರಿಗೆ ಅದರಲ್ಲಿ 10 ಅಂಕಿಯ ಒಂದು ಸಂಖ್ಯೆ ಸಿಗುತ್ತದೆ, ಮೊದಲ ಎರಡು ಅಂಕಿ ರಾಜ್ಯದ್ದು. ಅಚ್ಚು ತೆಗೆಯುವ ಅಧಿಕಾರ ಕೊಡುವುದು 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ. 1920ರ ಹಳೆಯ ಕಾಯ್ದೆಯ ಜಾಗಕ್ಕೆ ಇದು ಬಂತು.

ಸ್ಥಳದಲ್ಲಿ ಸಿಕ್ಕ ಗುರುತು

ಇಲಾಖೆಯಲ್ಲಿ ಇದಕ್ಕೆ ಚಾನ್ಸ್ ಪ್ರಿಂಟ್ ಎನ್ನುತ್ತಾರೆ. ಬೆರಳ ತುದಿಯಲ್ಲಿರುವುದು ಬೆವರಿನ ಗ್ರಂಥಿ ಮಾತ್ರ, ಎಣ್ಣೆಯ ಗ್ರಂಥಿ ಇಲ್ಲ. ಮುಖ, ತಲೆಗೂದಲು ಮುಟ್ಟಿಕೊಂಡಾಗ ಜಿಡ್ಡು ಬೆರಳಿಗೆ ಬರುತ್ತದೆ. ಬೆವರಿನಲ್ಲಿ ಬಹುಪಾಲು ನೀರು, ಅದು ಆರಿಹೋಗುತ್ತದೆ. ಉಳಿದ ಉಪ್ಪು, ಅಮೈನೋ ಆಮ್ಲ, ಜಿಡ್ಡು ಇವನ್ನು ಕಾಣುವಂತೆ ಮಾಡುವುದೇ ಕೆಲಸ.

ಮನೆಯಲ್ಲಿ ಕಳ್ಳತನವಾದರೆ ತಜ್ಞರು ಬರುವವರೆಗೆ ನೀವು ಮಾಡಬಹುದಾದ ದೊಡ್ಡ ಸಹಾಯ ಕೈ ಕಟ್ಟಿ ನಿಲ್ಲುವುದು. ಬೀರುವಿನ ಹಿಡಿ, ಒಡೆದ ಕಿಟಕಿಗಾಜು, ಚೆಲ್ಲಿದ ಡಬ್ಬಿ ಯಾವುದನ್ನೂ ಎತ್ತಿಡಬೇಡಿ. ಮಳೆ ಬರುವಂತಿದ್ದು ಹೊರಗಿನ ವಸ್ತುವನ್ನು ಒಳಗೆ ತರಲೇಬೇಕಾದರೆ, ಕೈಗವಸು ಇದ್ದರೂ ಸಾಮಾನ್ಯವಾಗಿ ಯಾರೂ ಹಿಡಿಯದ ಮೂಲೆ ಅಂಚುಗಳಲ್ಲಷ್ಟೇ ಹಿಡಿಯಿರಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಒಳಗೆ ತೇವ ಕಟ್ಟಿ ಗುರುತು ಉಜ್ಜಿಹೋಗುತ್ತದೆ. ರಟ್ಟಿನ ಡಬ್ಬಿ ಒಳ್ಳೆಯದು. ಮನೆಯವರ, ಕೆಲಸದವರ ಅಚ್ಚನ್ನೂ ಕೇಳಿದರೆ ಬೇಸರಿಸದೆ ಕೊಡಿ. ಅದು ಅನುಮಾನಕ್ಕಲ್ಲ, ಸಿಕ್ಕ ಗುರುತುಗಳಲ್ಲಿ ಮನೆಯವರದನ್ನು ಕಳೆದು ಉಳಿದದ್ದನ್ನು ಹುಡುಕುವುದಕ್ಕೆ.

ಕ್ರಮ ಯಾವಾಗಲೂ ಒಂದೇ: ಮೊದಲು ಓರೆಯಾಗಿ ಟಾರ್ಚ್ ಹಿಡಿದು ನೋಡಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಬೇಕು, ಆಮೇಲೆ ಪುಡಿ. ಪುಡಿ ಹಾಕಿ ಕೆಟ್ಟರೆ ಫೋಟೋ ಆದರೂ ಉಳಿಯುತ್ತದೆ. ತಿಳಿಬಣ್ಣದ ಮೇಲ್ಮೈಗೆ ಕಪ್ಪು ಪುಡಿ, ಗಾಢ ಬಣ್ಣಕ್ಕೆ ಬೂದು ಅಥವಾ ಬಿಳಿ. ಕುಂಚದ ತುದಿಗಷ್ಟೇ ಪುಡಿ ಹತ್ತಿಸಿ, ತಟ್ಟಿ ಉದುರಿಸಿ, ತೇಲಿಸಿದಂತೆ ಆಡಿಸಬೇಕು. ಗೆರೆ ಕಾಣತೊಡಗಿದ ಕೂಡಲೇ ಗೆರೆ ಹರಿಯುವ ದಿಕ್ಕಿಗೆ ಕುಂಚ ತಿರುಗಿಸಬೇಕು. ಇನ್ನೊಂದಿಷ್ಟು ಗಾಢವಾಗಲಿ ಎಂಬ ಆಸೆಯಲ್ಲೇ ಹೆಚ್ಚಿನ ಗುರುತುಗಳು ಹಾಳಾಗುವುದು, ಏಕೆಂದರೆ ಹೆಚ್ಚಿದ ಪುಡಿ ಸಂದಿಗೆ ತುಂಬುತ್ತದೆ. ಇಬ್ಬನಿ ಬಿದ್ದ ಕಾರಿನ ಮೇಲೆ ಪುಡಿ ಹಾಕಿದರೆ ಕೆಸರಾಗುತ್ತದೆ. ತಾನಾಗಿ ಒಣಗುವವರೆಗೆ ಕಾಯಬೇಕು. ಟೇಪು ಅಂಟಿಸುವಾಗ ಒಂದು ತುದಿಯಿಂದ ಬೆರಳಲ್ಲಿ ತೀಡುತ್ತ ಹೋಗಬೇಕು, ಗಾಳಿಗುಳ್ಳೆ ಉಳಿದ ಜಾಗದಲ್ಲಿ ಗೆರೆ ಎದ್ದು ಬರುವುದಿಲ್ಲ.

ಕಾಗದಕ್ಕೆ ಪುಡಿ ಸಲ್ಲದು, ಬೆವರು ಅದರೊಳಗೆ ಇಂಗಿರುತ್ತದೆ. ಅಲ್ಲಿ ನಿನ್‌ಹೈಡ್ರಿನ್ ಬೇಕು. ಈ ರಾಸಾಯನಿಕದ ಶೇ. 0.5ರಷ್ಟರ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ಆರಿಸಿ, ಕತ್ತಲಲ್ಲಿ ಒಂದೆರಡು ದಿನ ಇಟ್ಟರೆ ಅಮೈನೋ ಆಮ್ಲದ ಜೊತೆ ಸೇರಿ ನೇರಳೆ ಗೆರೆ ಮೂಡುತ್ತದೆ. ಬಿಸಿ ಮತ್ತು ತೇವದ ಪೆಟ್ಟಿಗೆಯಲ್ಲಿಟ್ಟರೆ ನಿಮಿಷಗಳಲ್ಲೇ ಬರುತ್ತದೆ. ಎಟಿಎಂ ಚೀಟಿ, ಯಂತ್ರದ ಬಸ್ ಟಿಕೆಟ್‌ನಂಥ ಥರ್ಮಲ್ ಕಾಗದವನ್ನು ಮಾತ್ರ ಮಾಮೂಲಿ ದ್ರಾವಣಕ್ಕೆ ಅದ್ದಬಾರದು, ಇಡೀ ಕಾಗದ ಕಪ್ಪಾಗಿಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿ, ಪಾಲಿಥಿನ್ ಚೀಲಕ್ಕೆ ಸೂಪರ್ ಗ್ಲೂ ಹೊಗೆ: ಮುಚ್ಚಿದ ಪೆಟ್ಟಿಗೆಯಲ್ಲಿ ಸುಮಾರು ಶೇ. 80 ಆರ್ದ್ರತೆಯಿಟ್ಟು ಕೆಲವು ಹನಿ ಗ್ಲೂ ಕಾಯಿಸಿದರೆ ಆವಿ ಗೆರೆಗಳ ಮೇಲೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಈ ಆವಿ ಕಣ್ಣು, ಶ್ವಾಸನಾಳ ಎರಡಕ್ಕೂ ಕೆಟ್ಟದ್ದು, ಮನೆಯಲ್ಲಿ ಪ್ರಯತ್ನಿಸಬೇಡಿ.

ಹೋಲಿಸುವಾಗಿನ ಶಿಸ್ತು

ಆಕಾರ ಒಂದೇ ಎಂದಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಕುಣಿಕೆ ಅರ್ಧಕ್ಕಿಂತ ಹೆಚ್ಚು ಬೆರಳುಗಳಲ್ಲಿದೆ. ಆಕಾರ ಬೇರೆ ಇದ್ದರೆ ಮಾತ್ರ ಅಲ್ಲೇ ಕೆಲಸ ಮುಗಿಯಿತು. ಗುರುತು ಇರುವುದು ಗೆರೆಗಳ ವಿವರದಲ್ಲಿ: ಎಲ್ಲಿ ಗೆರೆ ಥಟ್ಟನೆ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಕವಲೊಡೆದು ಮತ್ತೆ ಕೂಡಿ ಪುಟ್ಟ ಕೆರೆಯಂತಾಗುತ್ತದೆ, ಎಲ್ಲಿ ಬರೀ ಚುಕ್ಕೆಯಾಗಿ ನಿಲ್ಲುತ್ತದೆ.

ಐದು ಪಟ್ಟು ಹಿಗ್ಗಿಸುವ ಭೂತಗನ್ನಡಿಯಡಿ, ಸ್ಥಳದ ಗುರುತನ್ನೇ ಮೊದಲು ಓದಿ. ಶಂಕಿತರ ಚೀಟಿ ಮುಚ್ಚಿಟ್ಟಿರಲಿ. ಕಂಡ ವಿವರಗಳನ್ನೆಲ್ಲ ಬರೆದಿಟ್ಟ ಮೇಲೆ ಚೀಟಿ ತೆರೆಯಿರಿ. ಒಂದು ಸ್ಪಷ್ಟ ಕವಲಿನಿಂದ ಹೊರಟು, ‘ಇದರ ಬಲಕ್ಕೆ ಎರಡು ಗೆರೆ ಬಿಟ್ಟು ಮೂರನೆಯದು ಮೇಲ್ಮುಖವಾಗಿ ಮುಗಿಯುತ್ತದೆ’ ಎಂದು ಗೆರೆ ಎಣಿಸುತ್ತ ಎರಡರಲ್ಲೂ ಒಟ್ಟೊಟ್ಟಿಗೆ ಸಾಗಿ. ದೂರವನ್ನು ಮಿಲಿಮೀಟರಿನಲ್ಲಿ ಅಳೆಯಬೇಡಿ, ಚರ್ಮ ಹಿಗ್ಗುತ್ತದೆ. ನಡುವಿನ ಗೆರೆಗಳ ಎಣಿಕೆ ಹಿಗ್ಗುವುದಿಲ್ಲ. ಹತ್ತು ಕಡೆ ಹೊಂದಿ ಒಂದೇ ಒಂದು ಕಡೆ ವಿವರಿಸಲಾಗದ ವ್ಯತ್ಯಾಸವಿದ್ದರೂ ಅದು ಆ ಬೆರಳಲ್ಲ. ಕೊನೆಗೆ ಇನ್ನೊಬ್ಬ ತಜ್ಞರು ನಿಮ್ಮ ತೀರ್ಮಾನ ಕೇಳದೆ ಮೊದಲಿಂದ ಹೋಲಿಸಬೇಕು. ಎಷ್ಟು ವಿವರ ಹೊಂದಬೇಕೆಂಬುದಕ್ಕೆ ಜಗತ್ತಿನಲ್ಲಿ ಒಂದೇ ಅಳತೆಯಿಲ್ಲ. ಇಂಗ್ಲೆಂಡ್ 16 ಬೇಕೆನ್ನುತ್ತಿತ್ತು, 2001ರಲ್ಲಿ ಆ ನಿಯಮ ಕೈಬಿಟ್ಟಿತು.

ಈ ಶಿಸ್ತು ತಪ್ಪಿದರೆ ಏನಾಗುತ್ತದೆಂದು 2004ರಲ್ಲಿ ಜಗತ್ತು ನೋಡಿತು. ಸ್ಪೇನಿನ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಸಿಕ್ಕ ಚೀಲದ ಮೇಲಿನ ಗುರುತು ಅಮೆರಿಕದ ಒರೆಗಾನ್‌ನ ವಕೀಲರೊಬ್ಬರದೆಂದು ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಖಚಿತವಾಗಿ ಹೇಳಿತು. ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ ಅವರ ಅಚ್ಚು ಇತ್ತು, ನೋಡಿದ ತಜ್ಞರೆಲ್ಲ ಒಪ್ಪಿದರು. ಆ ವಕೀಲರು ಎರಡು ವಾರ ಬಂಧನದಲ್ಲಿದ್ದರು. ಅಷ್ಟರಲ್ಲಿ ಸ್ಪೇನಿನ ಪೊಲೀಸರು ಅದು ಅಲ್ಜೀರಿಯಾದ ಇನ್ನೊಬ್ಬನದೆಂದು ತೋರಿಸಿದರು. ವಿಚಾರಣೆಯಲ್ಲಿ ಕಂಡದ್ದು: ವಕೀಲರ ಅಚ್ಚು ನೋಡಿದ ಮೇಲೆ, ತಜ್ಞರು ಅದರಲ್ಲಿದ್ದ ವಿವರಗಳನ್ನೇ ಮಸುಕಾದ ಗುರುತಿನಲ್ಲಿ ‘ಕಂಡುಕೊಂಡಿದ್ದರು’. ಚೀಟಿ ಮುಚ್ಚಿಡಿ ಎಂದದ್ದು ಇದಕ್ಕೇ. ದತ್ತಾಂಶ ದೊಡ್ಡದಾದಷ್ಟೂ ಬಹುಪಾಲು ಹೋಲುವ ಅಪರಿಚಿತರ ಅಚ್ಚು ಸಿಗುವ ಸಾಧ್ಯತೆಯೂ ಬೆಳೆಯುತ್ತದೆ. ಯಂತ್ರ ಪಟ್ಟಿ ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ನ್ಯಾಯಾಲಯದಲ್ಲೂ ಇದು ತಜ್ಞರ ಅಭಿಪ್ರಾಯವೇ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಅದನ್ನು ಹಾಗೇ ಕರೆಯುತ್ತದೆ. ಜೊತೆಗೆ, ಗುರುತು ಹೊಂದಿತೆಂದರೆ ಅವರು ಆ ವಸ್ತುವನ್ನು ಮುಟ್ಟಿದ್ದರು ಎಂದಷ್ಟೇ ಅರ್ಥ. ಯಾವತ್ತು ಮುಟ್ಟಿದರು ಎಂದು ಹೇಳಲು ನಂಬುವಂಥ ವಿಧಾನ ಇಂದಿಗೂ ಇಲ್ಲ.

‘ಥಂಬ್ ಹೊಂದ್ತಿಲ್ಲ’

ಪೊಲೀಸರ ಹುಡುಕಾಟ ಒಂದನ್ನು ಲಕ್ಷಾಂತರದ ಜೊತೆ ಹೋಲಿಸುವುದು. ನ್ಯಾಯಬೆಲೆ ಅಂಗಡಿಯಲ್ಲಿ ಆಗುವುದು ಒಂದನ್ನು ಒಂದರ ಜೊತೆ: ನೀವು ಕೊಟ್ಟ ಆಧಾರ್ ಸಂಖ್ಯೆಯಡಿ ಇರುವ ಅಚ್ಚಿಗೆ ನಿಮ್ಮ ಬೆರಳು ಹೊಂದುತ್ತದೆಯೇ ಎಂಬುದಷ್ಟೇ. ಸುಲಭದ ಕೆಲಸವೆನಿಸಿದರೂ ಸಿಮೆಂಟು, ಸುಣ್ಣದಲ್ಲಿ ದುಡಿಯುವವರ, ಅಡಿಕೆ ಸುಲಿಯುವವರ, ಪಾತ್ರೆ ತಿಕ್ಕುವವರ, ವಯಸ್ಸಾದವರ ಬೆರಳು ಇಲ್ಲೇ ಸೋಲುತ್ತದೆ. ಗೆರೆ ಸವೆದಿರುತ್ತದೆ, ಚರ್ಮ ಒಣಗಿ ಬಿರುಕು ಬಿಟ್ಟಿರುತ್ತದೆ. ಕೆಲವು ಕ್ಯಾನ್ಸರ್ ಔಷಧಗಳಿಂದಲೂ ಗೆರೆ ಮಾಸುತ್ತದೆ, ಕ್ಯಾಪೆಸಿಟಾಬೈನ್ ಅಂಥದ್ದು.

ಬೆರಳ ತುದಿಯನ್ನು ಚುಚ್ಚಿದಂತೆ ಇಡಬೇಡಿ, ಮೊದಲ ಗೆಣ್ಣಿನವರೆಗೆ ಮಟ್ಟಸವಾಗಿ ಮಲಗಿಸಿ. ಸುಳಿಯ ನಡುಭಾಗ ಗಾಜಿನ ನಡುವೆ ಬರಬೇಕು. ಒಣ ಕೈಯಾದರೆ ಒದ್ದೆಬಟ್ಟೆ ಹಿಡಿದು ಒಂದು ನಿಮಿಷ ಬಿಟ್ಟು ಒರೆಸಿಕೊಳ್ಳಿ. ಅದು ಗೆರೆಗೆ ಬೇಕಾದಷ್ಟು ತೇವ ಕೊಡುತ್ತದೆ. ಎಣ್ಣೆ ಸವರುವವರಿದ್ದಾರೆ, ಅದರಿಂದ ಗಾಜು ಜಿಡ್ಡಾಗಿ ಮುಂದಿನವರಿಗೂ ತೊಂದರೆ. ಅಂಗಡಿಯವರು ಆಗಾಗ ಗಾಜನ್ನು ಮೆತ್ತನೆ ಒಣಬಟ್ಟೆಯಲ್ಲಿ ಒರೆಸಲಿ, ಯಂತ್ರದ ಮೇಲೆ ನೇರ ಬಿಸಿಲು ಬೀಳದಂತೆ ನೋಡಲಿ. ಜೋರಾಗಿ ಅದುಮಿದಷ್ಟೂ ಗೆರೆ ಚಪ್ಪಟೆಯಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ನೋಂದಣಿಯಲ್ಲಿ ಹತ್ತೂ ಬೆರಳು ಕೊಟ್ಟಿರುತ್ತೀರಿ. ಹೆಬ್ಬೆರಳೇ ಆಗಬೇಕೆಂದೇನಿಲ್ಲ. ಕಡಿಮೆ ಸವೆಯುವ ಎಡಗೈಯ ಉಂಗುರಬೆರಳನ್ನೂ ಪ್ರಯತ್ನಿಸಿ. ಯಾವುದು ಹೊಂದಿತೆಂದು ನೆನಪಿಡಿ, ಮುಂದಿನ ತಿಂಗಳು ಅದನ್ನೇ ಕೊಡಿ. ಕಣ್ಣಿನ ಪಾಪೆ, ಮುಖ, ಒಟಿಪಿ ಎಂಬ ದಾರಿಗಳೂ ಆಧಾರ್‌ನಲ್ಲಿವೆ. ಬೆರಳು ಹೊಂದಲಿಲ್ಲ ಎಂಬುದೊಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂಬ ಸೂಚನೆಯೂ ಇದೆ, ಕೇಳಿ ಪಡೆಯಿರಿ. ಮಕ್ಕಳಿಗೆ 5 ವರ್ಷ ತುಂಬಿದಾಗ, ಮತ್ತೆ 15 ತುಂಬಿದಾಗ ಬೆರಳು ನವೀಕರಿಸಬೇಕು. ಬಳಸದಿರುವಾಗ ಬಯೋಮೆಟ್ರಿಕ್ ಲಾಕ್ ಮಾಡಿಡುವ ಸೌಲಭ್ಯ ಎಂಆಧಾರ್ ಆ್ಯಪಿನಲ್ಲಿದೆ.

ಇನ್ನು ಪತ್ರಗಳ ಮೇಲೆ ಒತ್ತುವ ಹೆಬ್ಬೆಟ್ಟು. ಜಮೀನಿನ ಹಳೆಯ ಕ್ರಯಪತ್ರಗಳಲ್ಲಿ ಇದು ಎಷ್ಟೋ ಸಲ ಬರೀ ನೇರಳೆ ಮಚ್ಚೆಯಾಗಿರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ತಕರಾರು ಬಂದಾಗ ಯಾವ ತಜ್ಞರೂ ಅದರಿಂದ ಏನೂ ಹೇಳಲಾರರು. ಮನೆಯ ಹಿರಿಯರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ: ಕೈ ಒರೆಸಿರಲಿ, ಪ್ಯಾಡನ್ನು ತಾಗಿಸಿದರೆ ಸಾಕು, ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ ಹೆಚ್ಚಿನ ಶಾಯಿ ಕಳೆಯಲಿ, ಆಮೇಲೆ ಪತ್ರದ ಖಾಲಿ ಜಾಗದಲ್ಲಿ ಒಂದೇ ಸಲ ಹೊರಳಿಸಲಿ. ಅಕ್ಷರಗಳ ಮೇಲೆ ಬೀಳಬಾರದು. ಕೆಳಗೆ ಯಾರದು, ಯಾವ ಕೈಯದು, ಎದುರಿಗಿದ್ದವರು ಯಾರು ಎಂದು ಅಲ್ಲೇ ಬರೆಸಿ. ಗೆರೆ ಎಣಿಸುವಷ್ಟು ಸ್ಪಷ್ಟವಾಗಿ ಬರದಿದ್ದರೆ ಪಕ್ಕದಲ್ಲೇ ಇನ್ನೊಂದು ಒತ್ತಿಸಿ, ಮೊದಲನೆಯದನ್ನು ಹೊಡೆದುಹಾಕಬೇಡಿ.